ಹೊನ್ನಾರಿಗೆ ಕಟ್ಟಿದ ನಾಯಿ

ಬಾಗಲೂರು ಬಿಟ್ಟದ್ದು

ನಾರ್ವೆ ದೇಶಕ್ಕೆ ಹೋಗಿ ಬಂದವನೆಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಚಳಿ ಎಷ್ಟಿತ್ತು, ಊಟಕ್ಕೇನು ಮಾಡಿದೆ. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಚಳಿ ಬೇಕಾದಷ್ಟಿತ್ತು, ಊಟಕ್ಕೆ ಆಲೂಗಡ್ಡೆ ಇತ್ತು. ಆ ಮಾತು ಅಲ್ಲಿಗೆ ಬಿಡೋಣ. ನನಗೆ ಹೇಳಬೇಕೆಂದಿರುವುದು ಅಲ್ಲಿನ ನಾಯಿಗಳ ವಿಷಯ. ಮನುಷ್ಯರನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ, ಹೊಸೂರು ಬಸ್ ಸ್ಟ್ಯಾಂಡಿನಲ್ಲೇ ಸಾಕಷ್ಟು ಸಿಗುತ್ತಾರೆ.

ಆಗ ಎಂಬತ್ತರ ದಶಕ ಶುರುವಾಗಿತ್ತು. ಹೊಸೂರಿನ ಸುತ್ತ ರಾಗಿ ಹೊಲಗಳ ಮಧ್ಯೆ ಒಂದೊಂದಾಗಿ ಕಾರ್ಖಾನೆಯ ಷೆಡ್ಡುಗಳು ಏಳುತ್ತಿದ್ದವು. ಅಂಥದ್ದೊಂದು ಷೆಡ್ಡಿನಲ್ಲಿ ನಾನು ಫಿಟ್ಟರ್. ಬೆಳಿಗ್ಗೆ ಬಾಗಲೂರಿನಲ್ಲಿ ಹಸು ಕರೆದು, ಸೈಕಲ್ ಹತ್ತಿ ಶಿಫ್ಟಿಗೆ ಹೋಗಿ, ಸಂಜೆ ಬಂದು ಮತ್ತೆ ಹೊಲಕ್ಕಿಳಿಯುವ ಅರ್ಧ ರೈತ, ಅರ್ಧ ಕಾರ್ಮಿಕ. ನಮ್ಮ ಕಾರ್ಖಾನೆಗೆ ನಾರ್ವೆಯಿಂದ ಹೊಸ ಮೆಷಿನ್ ಬರುವುದಿತ್ತು. ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿತು ಬರಲು ಇಬ್ಬರನ್ನು ಆರಿಸಿದರು. ಒಬ್ಬ ನಾನು. ಇನ್ನೊಬ್ಬ ಗುಮ್ಮಳಾಪುರದ ಬಸವರಾಜ, ನನಗಿಂತ ಕಿರಿಯ, ಟರ್ನರ್, ಕೈ ಬಹಳ ಚುರುಕು, ಮೊಟ್ಟೆಯನ್ನೂ ಮುಟ್ಟದ ಮನೆಯವನು. ಅವನು ಲೋಕದಲ್ಲಿ ಹೆದರುತ್ತಿದ್ದುದು ನಾಯಿಗಳಿಗೆ ಮಾತ್ರ. ಊರಿಗೆ ಸೈಕಲ್ಲಿನಲ್ಲಿ ಹೋಗಿಬರುವಾಗ ದಾರಿಯುದ್ದದ ನಾಯಿಗಳೆಲ್ಲ ಅವನ ಪ್ಯಾಂಟಿನ ಅಂಚನ್ನು ಗುರುತಿಟ್ಟುಕೊಂಡಿದ್ದವು.

ನಮ್ಮ ಮನೆಯಲ್ಲಿ ಪರದೇಶದ ಮಾತಿಗಿಂತ ದೊಡ್ಡ ರಂಪವೆದ್ದದ್ದು ಯುಗಾದಿಯ ಬಗ್ಗೆ. ಹಬ್ಬದ ಹೊತ್ತಿಗೆ ನಾನು ಊರಲ್ಲಿರುತ್ತಿರಲಿಲ್ಲ. ಯುಗಾದಿಗೆ ನಮ್ಮಲ್ಲಿ ಹೊನ್ನಾರು ಕಟ್ಟುತ್ತೇವೆ. ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಅರಿಶಿನ ಕುಂಕುಮವಿಟ್ಟು, ಹೊಸ ವರ್ಷದ ಮೊದಲ ಸಾಲು ಉಳುತ್ತೇವೆ. ಅಪ್ಪನಿಗೆ ಮೊಣಕಾಲು ನೋವು ಹಿಡಿದಂದಿನಿಂದ ನೇಗಿಲಿನ ಹಿಡಿಕೆಯಾದ ಮೇಣಿ ಹಿಡಿಯುವವನು ನಾನು.

"ಹೊನ್ನಾರಿಗೆ ಯಾರ್ಲಾ ಮೇಣಿ ಹಿಡಿಯೋರು?" ಎಂದರು ಅಪ್ಪ.

"ತಮ್ಮ ಇಲ್ವೇನಪ್ಪ?"

"ಅವ್ನು ಸಾಲು ಹೊಡುದ್ರೆ ಹಾವು ಹರುದಂಗಿರ್ತೈತೆ. ಇರ್ಲಿ, ಹೋಗ್ಬುಟ್ಟು ಬೇಗ ಬಾ."

ಅಮ್ಮ ರಾಗಿಹಿಟ್ಟು, ಬೆಲ್ಲ, ಒಣಗಿಸಿದ ಬೇವಿನ ಹೂವು, ಒಂದು ಪೊಟ್ಟಣ ಅರಿಶಿನ ಕಟ್ಟಿಕೊಟ್ಟರು. ಅಪ್ಪ ಕೋಪದಲ್ಲೇ ತಮ್ಮ ಕರಿ ಕಂಬಳಿಯನ್ನು ತಂದು ನನ್ನ ಪೆಟ್ಟಿಗೆಯ ಮೇಲೆ ಎಸೆದರು. ಪ್ರೀತಿ ಬಂದಾಗ ಅವರು ಏನನ್ನಾದರೂ ಎಸೆಯುತ್ತಾರೆ.

ಓಲಾವಣ್ಣನ ಅಂಗಳ

ಆ ಊರು ನಾರ್ವೆಯ ಬಡಗಣ ತುದಿಯಲ್ಲಿದೆ. ಅದರ ಹೆಸರು ಹೇಳಲು ನನ್ನ ನಾಲಿಗೆ ಇಂದಿಗೂ ಹೊರಳುವುದಿಲ್ಲ, ಆದ್ದರಿಂದ ಬರೆಯುವ ಸಾಹಸಕ್ಕೂ ಹೋಗುವುದಿಲ್ಲ. ಊರಲ್ಲಿದ್ದ ಒಂದೇ ಲಾಡ್ಜು ಚಳಿಗಾಲವೆಂದು ಬಾಗಿಲು ಹಾಕಿತ್ತು. ಹಾಗಾಗಿ ನಮಗೆ ಕೆಲಸ ಕಲಿಸಬೇಕಿದ್ದ ಫೋರ್‌ಮನ್ನರೇ ನಮ್ಮಿಬ್ಬರನ್ನೂ ಮನೆಗೆ ಕರೆದುಕೊಂಡು ಹೋದರು. ಅವರ ಹೆಸರು ಓಲಾವ್, ಹೆಂಡತಿಯ ಹೆಸರು ಬೆರಿಟ್. ಇಬ್ಬರಿಗೂ ಅರವತ್ತರ ಹತ್ತಿರ. ಆ ದೇಶದಲ್ಲಿ ಹಿರಿಯರನ್ನೂ ಬರಿಯ ಹೆಸರು ಹಿಡಿದೇ ಕೂಗಬೇಕಂತೆ. ನಮ್ಮ ಬಾಯಿಗೆ ಅದು ಬರಲಿಲ್ಲ. ಮೊದಲ ದಿನವೇ ಬಸವರಾಜ ಅವರನ್ನು ಓಲಾವಣ್ಣ, ಬೆರಿಟಕ್ಕ ಮಾಡಿಬಿಟ್ಟ. ಅದು ಅವರಿಗೂ ಹಿಡಿಸಿತು. ಕೊನೆಕೊನೆಗೆ ಫೋನಿನಲ್ಲಿಯೂ ಆಕೆ ತಮ್ಮನ್ನು ಬೆರಿಟಕ್ಕ ಎಂದೇ ಹೇಳಿಕೊಳ್ಳುತ್ತಿದ್ದರು. ಇಬ್ಬರಿಗೂ ನಮ್ಮಷ್ಟೇ ಇಂಗ್ಲಿಷು ಬರುತ್ತಿದ್ದುದರಿಂದ ಯಾರಿಗೂ ನಾಚಿಕೆಯಾಗಲಿಲ್ಲ.

ಮನೆ ಪೂರ್ತಿ ಮರದ್ದು. ಸುತ್ತ ಎಲ್ಲಿ ನೋಡಿದರೂ ಬಿಳುಪು. ಹೊಲ ಯಾವುದು, ರಸ್ತೆ ಯಾವುದು, ಕೆರೆ ಯಾವುದು ಎಂದು ಅವರು ಹೇಳಿದ ಮೇಲೆ ನಂಬಬೇಕು, ಅಷ್ಟೆ. ನಾವು ಕಾರಿನಿಂದ ಇಳಿದದ್ದೇ ತಡ, ಹಿತ್ತಲಿನಲ್ಲಿ ಹನ್ನೆರಡು ನಾಯಿಗಳು ಒಮ್ಮೆಗೇ ಎದ್ದು ನಿಂತವು. ತೋಳದ ಮುಖ, ನೆಟ್ಟಗಿನ ಕಿವಿ, ಬೆನ್ನ ಮೇಲೆ ಮಡಿಸಿಟ್ಟ ಪೊರಕೆಯಂಥ ಬಾಲ. ಕೆಲವಕ್ಕೆ ಕಣ್ಣು ನೀಲಿ. ಬಸವರಾಜ ಮತ್ತೆ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡ.

"ಅಣ್ಣ, ಅವು ತೋಳ ಕಣಣ್ಣ. ಇವ್ರು ತಿಳೀದೆ ಕಟ್ಟಾಕವ್ರೆ."

ತೋಳವಲ್ಲ, ಸೈಬೀರಿಯನ್ ಹಸ್ಕಿ ಎಂಬ ಜಾತಿ, ಹಿಮದ ಮೇಲೆ ಜಾರುಗಾಡಿ ಎಳೆಯಲೆಂದೇ ಹುಟ್ಟಿದವು ಎಂದು ಬೆರಿಟಕ್ಕ ಕಿಟಕಿಯ ಗಾಜಿನಾಚೆಯಿಂದ ತಿಳಿಸಿಕೊಟ್ಟರು. ಕಚ್ಚುವುದಿಲ್ಲವೇ ಎಂದು ನಾನು ಕೇಳಿದೆ. ಆಕೆ ನಕ್ಕುಬಿಟ್ಟರು. ಕಾವಲಿಗೆ ಇವುಗಳಷ್ಟು ನಿಷ್ಪ್ರಯೋಜಕ ನಾಯಿ ಭೂಮಿಯ ಮೇಲಿಲ್ಲ, ಕಳ್ಳ ಬಂದರೆ ಮುಖ ನೆಕ್ಕಿ ಒಳಗೆ ಕರೆದುಕೊಂಡು ಹೋಗುತ್ತವೆ ಎಂದರು. ಆ ಮಾತು ನಿಜವೆಂದು ನನಗೆ ಕೂಡಲೇ ಗೊತ್ತಾಯಿತು, ಏಕೆಂದರೆ ಅಷ್ಟರಲ್ಲಿ ಎರಡು ನಾಯಿಗಳು ನನ್ನ ಕನ್ನಡಕವನ್ನು ನೆಕ್ಕಿ ಮಂಜು ಮಾಡಿದ್ದವು. ಬಾಗಲೂರಿನ ನಮ್ಮ ಬೀದಿನಾಯಿ ಕರಿಯ ಇದನ್ನು ನೋಡಿದ್ದರೆ ಅವುಗಳನ್ನು ಜಾತಿಯಿಂದ ಹೊರಗಿಡುತ್ತಿದ್ದ.

ಸಂಜೆ ಅವಕ್ಕೆ ಊಟ ಹಾಕಿ ಬಂದು ನಾವು ಒಲೆಯ ಮುಂದೆ ಕೂತಿದ್ದೆವು. ಹಿತ್ತಲಿನಲ್ಲಿ ಒಂದು ನಾಯಿ ಊಳಿಟ್ಟಿತು. ಹಿಂದೆಯೇ ಇನ್ನೊಂದು. ಆಮೇಲೆ ಮತ್ತಷ್ಟು ನಾಯಿಗಳು ಸೇರಿ ಮೂತಿ ಮೇಲೆತ್ತಿ ಊಳಿಡತೊಡಗಿದವು. ನಮ್ಮ ಊರಿನಲ್ಲಿ ಒಂದು ನಾಯಿ ಊಳಿಟ್ಟರೆ ಬೀದಿಯಲ್ಲಿ ಯಾರೋ ಹೋಗುತ್ತಾರೆಂದು ಲೆಕ್ಕ. ಬಸವರಾಜ ಎದ್ದು ಹೋಗಿ ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದ.

"ಯಾರ್ಗೋ ಕಾಲ ಬಂದೈತೆ ಅಣ್ಣ. ಒಂದಲ್ಲ, ಊರಿಗೂರೇ ಹೋಗಂಗೈತೆ."

"ಸುಮ್ಕಿರ್ಲಾ," ಎಂದೆ. ಆದರೆ ಎದ್ದು ಹೋಗಿ ಬಾಗಿಲ ಅಗುಳಿ ಸರಿಯಾಗಿದೆಯೇ ಎಂದು ನೋಡಿ ಬಂದೆ.

ಬೆರಿಟಕ್ಕ ಹೆಣೆಯುವ ಕಡ್ಡಿಗಳನ್ನು ಕೆಳಗಿಡದೆಯೇ ಹೇಳಿದರು: ಇವು ಬೊಗಳುವುದು ಅಪರೂಪ, ಹೊಟ್ಟೆ ತುಂಬಿದಾಗ ಹೀಗೆ ಹಾಡುತ್ತವೆ. ಹೊಟ್ಟೆ ತುಂಬಿದ್ದಕ್ಕೆ ಊಳಿಡುವ ನಾಯಿ ಇದೆಯೆಂದು ಊರಿಗೆ ಹೋಗಿ ಹೇಳಿದರೆ ನನ್ನನ್ನು ಯಾರು ನಂಬುತ್ತಾರೆ ಎಂದು ಯೋಚಿಸುತ್ತ ಮಲಗಿದೆ.

ಅಪ್ಪನ ಕಂಬಳಿ

ಮರುದಿನ ಸಂಜೆ ಹಿಮ ಬೀಳಲು ಶುರುವಾಯಿತು. ನಾಯಿಗಳು ಹೊರಗೇ ಇದ್ದವು. ಒಂದೊಂದಕ್ಕೂ ಮರದ ಗೂಡಿತ್ತು, ಒಳಗೆ ಒಣಹುಲ್ಲಿತ್ತು, ಆದರೆ ಬಹಳಷ್ಟು ನಾಯಿಗಳು ಗೂಡು ಬಿಟ್ಟು ಬಯಲಿನಲ್ಲಿ ಸುರುಳಿ ಸುತ್ತಿ ಮಲಗಿದ್ದವು. ಮಾಗಿಯ ಚಳಿಯಲ್ಲಿ ನಾವು ಎತ್ತುಗಳನ್ನು ಕೊಟ್ಟಿಗೆಯೊಳಗೆ ಕಟ್ಟಿ ಮೇಲೆ ಗೋಣಿಚೀಲ ಹೊದಿಸುವವರು. ಈ ಜನ ನೋಡಿದರೆ ಒಳಗೆ ಬೆಚ್ಚಗೆ ಕಾಫಿ ಕುಡಿಯುತ್ತಿದ್ದಾರೆ. ನನಗೆ ನಿಜಕ್ಕೂ ಸಿಟ್ಟು ಬಂತು. ಯಾರಿಗೂ ಹೇಳದೆ ಹೋಗಿ, ಅಂಚಿನಲ್ಲಿ ಮಲಗಿದ್ದ ಒಂದು ಮುದಿ ಹೆಣ್ಣು ನಾಯಿಗೆ ಅಪ್ಪನ ಕಂಬಳಿಯನ್ನು ಹೊದಿಸಿ ಬಂದೆ.

ಬೆಳಿಗ್ಗೆ ನೋಡಿದರೆ ಕಂಬಳಿ ಒಂದು ಕಡೆ ಮರದ ಹಲಗೆಯಂತೆ ಸೆಟೆದು ನಿಂತಿದೆ, ನಾಯಿ ಇನ್ನೊಂದು ಕಡೆ ಹಿಮದಲ್ಲಿ ಹೊಸ ಗುಳಿ ತೋಡಿಕೊಂಡು ಮಲಗಿದೆ. ಅದರ ಮೈಮೇಲೆ ಹಿಮ ಒಂದಿಷ್ಟೂ ಕರಗದೆ ಕೂತಿತ್ತು. ಮೂಗಿನ ಮೇಲೆ ಬಾಲ ಮುಚ್ಚಿಕೊಂಡಿತ್ತು. ಓಲಾವಣ್ಣ ಕಂಬಳಿಯನ್ನು ಎತ್ತಿ ತಂದು ಒಲೆಯ ಮುಂದೆ ನಿಲ್ಲಿಸಿದರು, ಬೈಯಲಿಲ್ಲ. ಮತ್ತೆ ಹೊರಗೆ ಬಂದು ನನ್ನ ಕೈ ಹಿಡಿದು ಆ ನಾಯಿಯ ಕೂದಲೊಳಗೆ ತೂರಿಸಿದರು. ಮೇಲೆ ಒರಟು ಕೂದಲು, ಅದರಡಿ ಹತ್ತಿಯಂಥ ಇನ್ನೊಂದು ಪದರ, ಅದರಡಿ ಬಿಸಿ ಬಿಸಿ ಚರ್ಮ. ಒಳಗಿನ ಶಾಖ ಹೊರಗೆ ಬರುವುದಿಲ್ಲ, ಅದಕ್ಕೇ ಹಿಮ ಕರಗುವುದಿಲ್ಲ ಎಂದರು. ಕಂಬಳಿ ಹೊದಿಸಿದರೆ ಕೂದಲು ಒತ್ತಿ ನೆಂದು ಆಗಲೇ ಚಳಿ ಹಿಡಿಯುತ್ತದಂತೆ. ಬೇಸಗೆಯ ಮೊದಲಿಗೆ ಒಳಪದರ ಪೂರ್ತಿ ಉದುರುತ್ತದೆ, ಬೆರಿಟಕ್ಕ ಅದನ್ನು ಬಾಚಿ ತೆಗೆದು ನೂಲು ಮಾಡುತ್ತಾರೆ. ಅವರು ಮೊದಲ ಸಂಜೆ ಹೆಣೆಯುತ್ತಿದ್ದುದು ಅದೇ ನೂಲಿನ ಟೋಪಿ, ಬಸವರಾಜನಿಗೆಂದು.

"ನಾಯ್ ಕೂದ್ಲಾ? ತಲೆ ಮ್ಯಾಲಾ?" ಎಂದು ಅವನು ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನದಿಂದ ಅದನ್ನು ಹಾಕಿಕೊಂಡೇ ಮಲಗುತ್ತಿದ್ದ.

ಅಂದು ನಾನು ಕೈಯಿಟ್ಟ ಮುದಿ ನಾಯಿಯ ಹೆಸರು ಟೂವಾ. ಒಂದು ಕಣ್ಣು ನೀಲಿ, ಒಂದು ಕಣ್ಣು ಕಂದು. ಕೂದಲಿನ ಕೆಳಗೆ ಅದರ ಪಕ್ಕೆಲುಬುಗಳು ಕೈಗೆ ಒಂದೊಂದಾಗಿ ಸಿಕ್ಕಿದವು. ಉಳಿದವು ದುಂಡಗಿರುವಾಗ ಇದೊಂದು ಯಾಕೆ ಹೀಗೆ ಎಂದು ಕೇಳಿದೆ. ಓಲಾವಣ್ಣ ಅದರ ಬೆನ್ನು ತಟ್ಟಿ ಬೇರೆ ನಾಯಿಗಳ ಕಡೆ ನಡೆದರು.

ಹಂಡೆಯ ಮುಂದೆ

ಮನೆಯ ಪಕ್ಕದ ಷೆಡ್ಡಿನಲ್ಲಿ ದೊಡ್ಡದೊಂದು ಹಂಡೆಯಿತ್ತು. ಮೀನು, ಕೊಬ್ಬು, ಹಿಟ್ಟು ಎಲ್ಲ ಸೇರಿಸಿ ನಾಯಿಗಳಿಗೆ ಅದರಲ್ಲೇ ಅಡುಗೆ. ಹುಟ್ಟಿನಂಥ ಕೋಲಿನಲ್ಲಿ ತಿರುವಬೇಕು. ಓಲಾವಣ್ಣ ತಿರುವುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕೋಲನ್ನು ಕಿತ್ತುಕೊಂಡು, ಮುದ್ದೆ ತಿರುವುವ ಹಾಗೆ ಹಂಡೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಗಂಟಿಲ್ಲದಂತೆ ತಿರುವಿಕೊಟ್ಟೆ. ಅಂದಿನಿಂದ ಆ ಕೆಲಸ ನನ್ನದಾಯಿತು. ಬಸವರಾಜ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ದೂರ ನಿಂತು, "ನಿಮ್ಮನೇಲಿ ಒಂದಿನಾನೂ ಮುದ್ದೆ ಕೋಲು ಹಿಡ್ದಿಲ್ಲ ನೀನು, ಅತ್ಗೆಗೆ ಹೇಳ್ತೀನಿರು," ಎಂದು ಹೆದರಿಸುತ್ತಿದ್ದ.

ಈ ನಾಯಿಗಳ ಚಾಕರಿ ಒಂದು ಜೊತೆ ಹೋರಿಗಳ ಚಾಕರಿಗಿಂತ ಕಡಿಮೆಯಿಲ್ಲ. ಚಳಿಗೆ ಬರಿಯ ನೀರನ್ನು ಮೂಸಿಯೂ ನೋಡುವುದಿಲ್ಲ. ನಾವು ಹಸುವಿಗೆ ಕಲಗಚ್ಚು ಕಲಸುವ ಹಾಗೆ ಬಿಸಿನೀರಿಗೆ ಮೀನಿನ ರಸ ಬೆರೆಸಿ ಆಸೆ ಹುಟ್ಟಿಸಬೇಕು. ಓಟಕ್ಕೆ ಮುಂಚೆ ಹೊಟ್ಟೆ ತುಂಬ ಹಾಕುವ ಹಾಗಿಲ್ಲ. ಓಡಿ ಬಂದ ಮೇಲೂ ಉಸಿರು ಇಳಿಯುವವರೆಗೆ ಕಾಯಬೇಕು. ದಿನವೂ ಅಂಗಾಲು ಬಿಡಿಸಿ ನೋಡಬೇಕು, ಬೆರಳಿನ ಸಂದಿಯಲ್ಲಿ ಹಿಮ ಗೋಲಿಯಂತೆ ಗಟ್ಟಿಯಾಗಿ ಕುಳಿತಿರುತ್ತದೆ. ಅದನ್ನು ತೆಗೆದು ಮುಲಾಮು ಹಚ್ಚಬೇಕು. ಹಿಮ ಗಡುಸಾಗಿದ್ದರೆ ಬಟ್ಟೆಯ ಕಾಲುಚೀಲ ತೊಡಿಸಬೇಕು. ಎತ್ತಿಗೆ ಲಾಳ ಕಟ್ಟಿಸಿದ್ದೇನೆ. ನಾಯಿಗೆ ಕಾಲುಚೀಲ ತೊಡಿಸುತ್ತೇನೆಂದು ಕನಸಲ್ಲೂ ಅಂದುಕೊಂಡಿರಲಿಲ್ಲ.

ಟೂವಾಳ ಬಟ್ಟಲು ಮಾತ್ರ ದಿನವೂ ಹಾಗೇ ಹೆಪ್ಪುಗಟ್ಟಿರುತ್ತಿತ್ತು. ಒಂದೆರಡು ಸಲ ನೆಕ್ಕಿ ಮುಖ ತಿರುಗಿಸಿಬಿಡುತ್ತಿದ್ದಳು. ಬೆರಿಟಕ್ಕ ಒಂದು ದಿನ ವಿಷಯ ಬಿಚ್ಚಿ ಹೇಳಿದರು. ಟೂವಾ ಎಷ್ಟೋ ವರ್ಷ ಎಲ್ಲಕ್ಕಿಂತ ಮುಂದೆ ನಿಂತು ಓಡಿದವಳು. ಈಗ ಹನ್ನೆರಡು ದಾಟಿತು, ಸೊಂಟ ಬಿಗಿದಿದೆ. ಈ ಚಳಿಗಾಲದ ಮೊದಲಲ್ಲಿ ಓಡುತ್ತ ಮುಗ್ಗರಿಸಿದಳು. ಹಿಂದಿನ ಪಡ್ಡೆ ನಾಯಿಗಳು ನಿಲ್ಲದೆ ಅವಳನ್ನೂ ಎಳೆದುಕೊಂಡು ಹೋದವು. ಓಲಾವಣ್ಣ ಬ್ರೇಕು ಒತ್ತಿ ಉಳಿಸಿಕೊಂಡರು. ಅಂದೇ ಗಾಡಿ ಎಳೆಯಲು ತೊಡಿಸುವ ಅವಳ ಎದೆಪಟ್ಟಿ ಬಿಚ್ಚಿ ಷೆಡ್ಡಿನ ಮೊಳೆಗೆ ನೇತುಹಾಕಿದರು. ಆವತ್ತಿನಿಂದ ಅವಳು ಸರಿಯಾಗಿ ಉಂಡಿಲ್ಲ. ಪಶುವೈದ್ಯರು ಹಲ್ಲು, ಹೊಟ್ಟೆ, ಎದೆ ಎಲ್ಲ ನೋಡಿ ರೋಗವೇನೂ ಇಲ್ಲ ಎಂದರಂತೆ. ಹೀಗೇ ಸೊರಗುತ್ತಾ ಹೋದರೆ ನರಳಿಸುವುದು ಬೇಡ, ಈಸ್ಟರ್ ಹಬ್ಬಕ್ಕೆ ಬಂದು ಸೂಜಿ ಹಾಕಿ ಮಲಗಿಸಿಬಿಡುತ್ತೇನೆ ಎಂದಿದ್ದರು. ಈಸ್ಟರಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಅದನ್ನು ಕೇಳಿದ ಮೇಲೆ ನನಗೆ ಬೆಳಿಗ್ಗೆಗಳು ಕಷ್ಟವಾದವು. ಓಲಾವಣ್ಣ ಎದೆಪಟ್ಟಿಗಳನ್ನು ಕೈಗೆತ್ತಿಕೊಂಡರೆ ಸಾಕು, ಎಲ್ಲ ನಾಯಿಗಳೂ ನನ್ನನ್ನು ಕಟ್ಟು, ನನ್ನನ್ನು ಕಟ್ಟು ಎಂದು ಮೇಲಕ್ಕೆ ಹಾರಿ ಕಿರುಚುತ್ತಿದ್ದವು. ನೊಗ ಕಂಡರೆ ಕತ್ತು ಕೊಂಕಿಸುವ ನಮ್ಮ ಹೋರಿಗಳಿಗೆ ಇದನ್ನು ತೋರಿಸಬೇಕಿತ್ತು. ಟೂವಾ ಕಿರುಚುತ್ತಿರಲಿಲ್ಲ. ತನ್ನ ಪಟ್ಟಿ ನೇತಾಡುತ್ತಿದ್ದ ಮೊಳೆಯ ಕೆಳಗೆ ಹೋಗಿ ನಿಲ್ಲುತ್ತಿದ್ದಳು. ಗಾಡಿ ಹೊರಟುಹೋದ ಮೇಲೆ ಗೂಡಿಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ಜಾರುಗಾಡಿ

ಒಂದು ಭಾನುವಾರ ಓಲಾವಣ್ಣ ನನ್ನನ್ನು ಜಾರುಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಹೊರಡುವವರೆಗೆ ಸಂತೆಯ ಗಲಾಟೆ. ಗಾಡಿ ತಡೆಯಲು ಹಿಮಕ್ಕೆ ನೆಟ್ಟಿದ್ದ ಕೊಕ್ಕೆಯನ್ನು ಕಿತ್ತದ್ದೇ, ಎಲ್ಲವುಗಳ ಬಾಯಿ ಮುಚ್ಚಿತು. ಅಷ್ಟೂ ನಾಯಿಗಳು ಒಂದು ಸದ್ದಿಲ್ಲದೆ ಓಡುತ್ತವೆ. ಅವುಗಳ ಉಸಿರು, ಗಾಡಿಯ ಅಡಿ ಹಿಮ ಉಜ್ಜುವ ಸರಸರ, ಬೇರೆ ಏನೂ ಇಲ್ಲ. ನನಗೆ ಸುಮ್ಮನೆ ನಗು ಬಂತು. ಮೂಗಿನ ತುದಿ ಮರಗಟ್ಟಿ, ಕಣ್ಣಲ್ಲಿ ನೀರು ಸುರಿಯುತ್ತ, ನಾನು ಆ ಬಿಳಿ ಬಯಲಿನ ಮಧ್ಯೆ ಚಿಕ್ಕ ಮಗುವಿನಂತೆ ನಗುತ್ತಿದ್ದೆ.

ಗಾಡಿ ಹೊಡೆಯುವವನಾಗಿ ನನಗೆ ಅರಗದಿದ್ದ ಸಂಗತಿಯೆಂದರೆ, ಓಲಾವಣ್ಣನ ಕೈಯಲ್ಲಿ ಹಗ್ಗವಿರಲಿಲ್ಲ. ಮೂಗುದಾರವಿಲ್ಲ, ಬಾರುಕೋಲಿಲ್ಲ. ಹಿಂದಿನ ಹಿಡಿಯನ್ನು ಹಿಡಿದು ನಿಂತು ಬಾಯಲ್ಲಿ ಹೇಳುವುದು, ಅಷ್ಟೆ. ಎಡಕ್ಕೊಂದು ಮಾತು, ಬಲಕ್ಕೊಂದು ಮಾತು. ಮುಂದಿನ ನಾಯಿ ಕೇಳಿಸಿಕೊಂಡು ತಿರುಗಿದರೆ ಉಳಿದವು ಹಿಂಬಾಲಿಸುತ್ತವೆ. ತೆಳು ಮಂಜುಗಡ್ಡೆ ಇದ್ದರೆ ಒಳ್ಳೆಯ ಮುಂದಾಳು ಹೇಳಿದ ಮಾತನ್ನೂ ಮೀರಿ ಪಕ್ಕಕ್ಕೆ ತಿರುಗುತ್ತದಂತೆ. ಟೂವಾ ಹಾಗೆ ಎರಡು ಸಲ ತನ್ನನ್ನು ಉಳಿಸಿದ್ದಾಳೆ ಎಂದು ಓಲಾವಣ್ಣ ತಾವಾಗಿಯೇ ಹೇಳಿದರು.

ಇನ್ನೊಂದು ಮಾತನ್ನು ಅವರು ಹೋಗುವಾಗಲೂ ಬರುವಾಗಲೂ ಒತ್ತಿ ಹೇಳಿದರು. ಏನೇ ಆಗಲಿ, ಬಿದ್ದರೂ ಸರಿ, ಹಿಡಿ ಬಿಡಬೇಡ. ಬಿಟ್ಟರೆ ಇವು ನಿನಗಾಗಿ ನಿಲ್ಲುವುದಿಲ್ಲ. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಸುಲಭ.

ಯುಗಾದಿ

ಹಬ್ಬದ ದಿನ ಬೆಳಿಗ್ಗೆ ಬಸವರಾಜ ಬೇವಿನ ಹೂವನ್ನೂ ಬೆಲ್ಲವನ್ನೂ ಬೆರೆಸಿ ಎಲ್ಲರ ಅಂಗೈಗೂ ಹಾಕಿದ. ಬೆರಿಟಕ್ಕ ಮುಖ ಹಿಂಡಿಕೊಂಡು ನುಂಗಿದರು. ಓಲಾವಣ್ಣ ಮಾತ್ರ ಅಗಿದು, ಇದು ನಮ್ಮ ಕೆಮ್ಮಿನ ಔಷಧಿಗಿಂತ ಎಷ್ಟೋ ವಾಸಿ ಎಂದು ಇನ್ನೊಂದು ಚಿಟಿಕೆ ಕೇಳಿದರು. ಇವತ್ತು ಊರಲ್ಲಿ ಏನು ಮಾಡುತ್ತಿದ್ದಿರಿ ಎಂದೂ ಕೇಳಿದರು.

ನನಗೆ ಬೆಳಗಿನಿಂದ ಊರೇ ಕಣ್ಣ ಮುಂದೆ ಇತ್ತು. ಹೊನ್ನಾರಿನ ವಿಷಯ ಹೇಳಿದೆ. ಹೇಳುತ್ತಾ ಹೇಳುತ್ತಾ ನಮ್ಮ ಮನೆಯ ಮುದಿ ಎತ್ತು ಕೆಂದನ ಮಾತು ಬಂತು. ಕೆಂದನಿಗೆ ಹಲ್ಲು ಸವೆದು ವರ್ಷಗಳಾಗಿದ್ದವು. ಉಳುವ ಕೆಲಸವಿಲ್ಲ. ಆದರೆ ಹೊನ್ನಾರಿನ ದಿನ ಅಪ್ಪ ಅವನ ಹೆಗಲಿಗೂ ನೊಗವಿಟ್ಟು, ಪಕ್ಕದಲ್ಲಿ ಸಾಧು ಎತ್ತೊಂದನ್ನು ಕಟ್ಟಿ, ಒಂದೇ ಒಂದು ಸಾಲು ಹೊಡೆಸುತ್ತಿದ್ದರು. ನೇಗಿಲನ್ನು ಊರದೆ ಮೇಲೆ ಮೇಲೆ ತೇಲಿಸಿದರೂ ಅದು ಸಾಲೇ. ಬೀದಿಯವರು, "ಯಾಕಣ್ಣೋ, ಸಾಯೋ ಎತ್ತಿಗೆ ಹಿಂಸೆ ಕೊಡ್ತೀಯ?" ಎಂದರೆ ಅಪ್ಪ ಹೇಳುತ್ತಿದ್ದುದು ಒಂದೇ: "ನನ್ನ್ ಎತ್ತು. ಇವತ್ತು ಕೊಟ್ಟಿಗೇಲೇ ಬುಟ್ಟೋದ್ರೆ ಅದುಕ್ಕೆ ಗೊತ್ತಾಗಾಕಿಲ್ವೇನ್ಲಾ?"

ನಾನು ಇದನ್ನು ಯಾರಿಗೂ ಬುದ್ಧಿ ಹೇಳಲೆಂದು ಹೇಳಿದ್ದಲ್ಲ. ಊರಿನ ನೆನಪಿಗೆ ಹೇಳಿದ್ದು. ಆದರೆ ಬೆರಿಟಕ್ಕ ಬಟ್ಟಲನ್ನು ಕೆಳಗಿಟ್ಟು ಗಂಡನ ಮುಖ ನೋಡಿದರು. ತಮ್ಮ ಭಾಷೆಯಲ್ಲಿ ಏನೋ ಅಂದರು. ಓಲಾವಣ್ಣ ಬೇಡವೆಂದು ತಲೆಯಾಡಿಸಿದರು. ಟೂವಾ ಮತ್ತೆ ಬಿದ್ದರೆ ಏನು ಮಾಡುವುದು ಎಂದು ನಮಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ ಕೇಳಿದರು.

"ಬಿದ್ದರೆ ಓಡುತ್ತಾ ಬೀಳುತ್ತಾಳೆ," ಎಂದರು ಬೆರಿಟಕ್ಕ. "ಗೋಡೆ ನೋಡುತ್ತಾ ಅಲ್ಲ."

ಓಲಾವಣ್ಣ ತಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು ಷೆಡ್ಡಿಗೆ ಹೋಗಿ ಮೊಳೆಯಿಂದ ಆ ಪಟ್ಟಿಯನ್ನು ತೆಗೆದುಕೊಂಡು ಬಂದರು. ಅದನ್ನು ಕಂಡ ಟೂವಾ ಹಾರಲಿಲ್ಲ, ಕಿರುಚಲಿಲ್ಲ. ಹತ್ತಿರ ಬಂದು ತಾನಾಗಿಯೇ ಪಟ್ಟಿಯೊಳಗೆ ತಲೆ ತೂರಿಸಿದಳು. ಮೈ ಮಾತ್ರ ಗಡಗಡ ನಡುಗುತ್ತಿತ್ತು. ಬಸವರಾಜ, ನಾಯಿಗೆ ಹೆದರುವ ಬಸವರಾಜ, ಅರಿಶಿನದ ಪೊಟ್ಟಣ ಬಿಚ್ಚಿ ಅವಳ ಬಿಳಿ ಹಣೆಗೆ ಹೆಬ್ಬೆರಳಗಲ ಒಂದು ಬೊಟ್ಟಿಟ್ಟ.

"ಮೇಣಿ ನಿನ್ನದು, ಹಬ್ಬ ನಿನ್ನದು," ಎಂದರು ಓಲಾವಣ್ಣ ನನಗೆ.

ಏರು

ಮನೆಯ ಮುಂದೆ ಹೆಪ್ಪುಗಟ್ಟಿದ ಸಣ್ಣ ಕೆರೆ. ದಾರಿ ಕೆರೆಯ ಮೇಲೆ ಹೋಗಿ, ಆಚೆ ದಡದಲ್ಲಿ ಒಂದು ಸಣ್ಣ ಏರು ಹತ್ತಿ ಇಳಿಯುತ್ತದೆ. ಇಳಿದ ಕೂಡಲೇ ದಾರಿ ಎರಡಾಗುತ್ತದೆ. ಬಲಕ್ಕೆ ತಿರುಗಿದರೆ ಮತ್ತೆ ಕೆರೆ, ಮನೆ. ನೇರ ಹೋದರೆ ಮರದ ದಿಮ್ಮಿ ಸಾಗಿಸುವ ಲಾರಿಗಳ ರಸ್ತೆ. ಅಲ್ಲಿ ಬಲಕ್ಕೆ ಎಂಬ ಮಾತನ್ನು ಕೂಗಬೇಕೆಂದು ಓಲಾವಣ್ಣ ನನಗೆ ಬಾಯಿಪಾಠ ಮಾಡಿಸಿದರು. ಮುಂದೆ ಟೂವಾ, ಹಿಂದೆ ಎರಡೇ ಸಾಧು ನಾಯಿಗಳು, ಹಿಡಿಯ ಹಿಂದೆ ನಾನು. ಓಲಾವಣ್ಣ, ಬೆರಿಟಕ್ಕ, ಬಸವರಾಜ ದಡದಲ್ಲಿ ನಿಂತರು.

ಕೆರೆಯ ಮೇಲೆ ಅವಳು ಓಡಿದ ಓಟವನ್ನು ನಾನು ಹೇಗೆ ಹೇಳಲಿ. ಜೋರಿನ ಓಟವಲ್ಲ. ಒಂದೇ ಹದದ, ತೂಗಿ ಅಳೆದಂಥ ಓಟ. ಕಿವಿ ಹಿಂದಕ್ಕೆ, ಬಾಲ ಕೆಳಕ್ಕೆ, ಹಗ್ಗ ನೂಲು ಹಿಡಿದಷ್ಟು ನೆಟ್ಟಗೆ. ಅಪ್ಪ ನೋಡಿದ್ದರೆ ಸಾಲು ಅಂದರೆ ಇದು ಕಣ್ಲಾ ಎನ್ನುತ್ತಿದ್ದರು.

ಏರು ಬಂತು. ಅವಳ ಹೆಜ್ಜೆ ನಿಧಾನವಾಯಿತು. ಹಿಂಗಾಲು ಸ್ವಲ್ಪ ಎಳೆಯುತ್ತಿತ್ತು, ಉಸಿರಿನ ಹೊಗೆ ದಟ್ಟವಾಯಿತು. ಅಯ್ಯೋ ಎನಿಸಿತು ನನಗೆ. ಏರಿನಲ್ಲಿ ಗಾಡಿಯ ಮೇಲೆ ಕೂತಿರುವವನನ್ನು ನಮ್ಮ ಕಡೆ ಯಾರೂ ಮನುಷ್ಯ ಎನ್ನುವುದಿಲ್ಲ. ಇಳಿಯಬೇಕು, ಮುಂದೆ ಹೋಗಿ ಎತ್ತಿನ ಹೆಗಲ ಪಕ್ಕ ನಡೆಯಬೇಕು, ಬೆನ್ನ ಮೇಲೆ ಕೈಯಿಟ್ಟು ಹ್ಞಾ, ಹ್ಞಾ ಎನ್ನಬೇಕು. ಚಿಕ್ಕಂದಿನಿಂದ ಮಾಡಿದ್ದು. ಯೋಚನೆ ಮಾಡುವ ಮೊದಲೇ ಕಾಲು ಇಳಿದಿತ್ತು. ಹಿಡಿ ಬಿಟ್ಟು, ಅವಳ ಪಕ್ಕ ನಡೆಯಲೆಂದು ಎರಡು ಹೆಜ್ಜೆ ಮುಂದಕ್ಕೆ ಹಾಕಿದೆ.

ಹಿಂದಿನ ಭಾರ ಇಳಿದದ್ದು ನಾಯಿಗಳಿಗೆ ಗೊತ್ತಾಯಿತು. ಮೂರೂ ಒಂದೇ ಸಲ ಮುಂದಕ್ಕೆ ನುಗ್ಗಿದವು. ಖಾಲಿ ಗಾಡಿ ನನ್ನ ಮೊಣಕಾಲು ತಾಗಿಕೊಂಡು ಹೋಯಿತು. ನಾನು ದಾರಿಯ ಪಕ್ಕದ ಮೆತ್ತನೆಯ ಹಿಮದಲ್ಲಿ ಸೊಂಟದವರೆಗೆ ಹೂತುಕೊಂಡೆ. ಬಲಕ್ಕೆ ಎಂಬ ಅವರ ಮಾತು ಆ ಹೊತ್ತಿಗೆ ತಲೆಯಿಂದ ಹಾರಿಹೋಗಿತ್ತು. ಎತ್ತು ನಿಲ್ಲಿಸುವ ಹಾಗೆ ಹೋ, ಹೋ ಎಂದು ಬಾಗಲೂರಿಗೆ ಕೇಳಿಸುವಂತೆ ಕೂಗಿದೆ. ನಾರ್ವೆಯ ನಾಯಿಗಳಿಗೆ ಅದರಿಂದ ಏನೂ ಆಗಲಿಲ್ಲ. ಏರಿನ ಆಚೆ ಇಳಿದು ಮಾಯವಾದವು.

ಆ ಕ್ಷಣ ನನಗೆ ಆದ ಭಯವನ್ನು ಮುಚ್ಚಿಡುವುದಿಲ್ಲ. ಅವಳು ಮುಗ್ಗರಿಸಿದರೆ ಬ್ರೇಕು ಒತ್ತಲು ಹಿಂದೆ ಯಾರೂ ಇಲ್ಲ. ನೇರ ಹೋದರೆ ಲಾರಿಗಳು. ಈಸ್ಟರಿನವರೆಗಾದರೂ ಬದುಕಬೇಕಿದ್ದ ಜೀವವನ್ನು ನಾನು ಹಬ್ಬದ ಹೆಸರಿನಲ್ಲಿ ಕೊಂದೆ ಎಂದು ಅಳು ಬಂತು. ನಾಲ್ಕು ಕಾಲಲ್ಲಿ ಅಂಬೆಗಾಲಿಟ್ಟು ಏರಿನ ತಲೆಗೆ ಹತ್ತಿ ನೋಡಿದೆ.

ಲಾರಿ ರಸ್ತೆಯ ಕಡೆಗೆ ಹೆಜ್ಜೆಯ ಗುರುತಿರಲಿಲ್ಲ. ಗಾಡಿಯ ಎರಡು ಗೆರೆಗಳು ಕವಲಿನಲ್ಲಿ ಚೊಕ್ಕವಾಗಿ ಬಲಕ್ಕೆ ತಿರುಗಿದ್ದವು. ಕೆಳಗೆ ಕೆರೆಯ ಮೇಲೆ ಟೂವಾ ಅದೇ ಹದದ ಓಟದಲ್ಲಿ, ಇಬ್ಬರು ಹಿಂಬಾಲಕರನ್ನೂ ಖಾಲಿ ಗಾಡಿಯನ್ನೂ ಕರೆದುಕೊಂಡು ಮನೆಯ ಕಡೆ ಹೋಗುತ್ತಿದ್ದಳು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ನಾನು ಹಿಮದ ಮೇಲೆ ಕುಕ್ಕರುಗಾಲಲ್ಲಿ ಕೂತು ನಕ್ಕೆ, ಅತ್ತೆ, ಎರಡೂ ಆಯಿತು.

ಕೆರೆ ದಾಟಿ ಏಳುತ್ತ ಬೀಳುತ್ತ ನಾನು ಬಂದಾಗ ಬಸವರಾಜ ಓಡಿ ಬಂದು ತಬ್ಬಿಕೊಂಡ. ಅವನ ಮುಖ ಬಿಳುಚಿತ್ತು.

"ಬರೀ ಗಾಡಿ ಬತ್ತು ಕಣಣ್ಣ. ನಿಮ್ಮಪ್ಪಂಗೆ ಏನಂತ ತಂತಿ ಕೊಡ್ಲಿ ಅಂತ ಯೋಚ್ನೆ ಮಾಡ್ತಾ ನಿಂತಿದ್ದೆ."

ಓಲಾವಣ್ಣ ಟೂವಾಳ ಪಕ್ಕ ಮಂಡಿಯೂರಿ ಅವಳ ಕಾಲುಗಳನ್ನು ಒಂದೊಂದಾಗಿ ತಡವಿ ನೋಡುತ್ತಿದ್ದರು. ಅವಳು ಬಂದವಳೇ ತಾನಾಗಿ ನಿಂತಿದ್ದಳಂತೆ. ನಿಂತ ಮೇಲೂ ಹಿಂದಿನವರ ಕಾಲಿಗೆ ಸುತ್ತಿಕೊಳ್ಳದಂತೆ ಹಗ್ಗವನ್ನು ಬಿಗಿಯಾಗಿಯೇ ಹಿಡಿದು ನಿಂತಿದ್ದಳು. ಹಿಡಿ ಯಾಕೆ ಬಿಟ್ಟೆ ಎಂದು ಓಲಾವಣ್ಣ ಕೇಳಿದರು. ಏರಿನಲ್ಲಿ ನಾವು ಇಳಿಯುತ್ತೇವೆ, ಎತ್ತಿನ ಜೊತೆ ನಡೆಯುತ್ತೇವೆ ಎಂದು ತಲೆ ತಗ್ಗಿಸಿ ಹೇಳಿದೆ. ಅವರು ನನ್ನನ್ನು ನೋಡಿದರು, ಟೂವಾಳನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ಬೆರಿಟಕ್ಕನೂ ನಕ್ಕರು. ಆಕೆ ನಗುವುದನ್ನು ನಾನು ಎಷ್ಟೋ ಸಲ ನೋಡಿದ್ದೆ, ಓಲಾವಣ್ಣ ಹಾಗೆ ನಕ್ಕದ್ದು ಅದೇ ಮೊದಲು.

ಬಟ್ಟಲು

ಓಡಿ ಬಂದ ನಾಯಿಗೆ ಕೂಡಲೇ ಉಣ್ಣಲು ಕೊಡಬಾರದು. ಆ ನಿಯಮ ಅವತ್ತಿನಷ್ಟು ನನ್ನನ್ನು ಕಾಡಿದ್ದಿಲ್ಲ. ನಾಲ್ವರೂ ಹಿತ್ತಲಿನಲ್ಲಿ ಸುಮ್ಮನೆ ನಿಂತು ಅವಳ ಪಕ್ಕೆ ಏರಿಳಿಯುವುದನ್ನು ನೋಡುತ್ತಿದ್ದೆವು. ಮೊದಲು ಬಿಸಿ ರಸ ಇಟ್ಟರು. ಕುಡಿದಳು. ಅಷ್ಟು ಅವಳು ಮುಂಚೆಯೂ ಒಂದೊಂದು ದಿನ ಕುಡಿಯುತ್ತಿದ್ದಳು. ಆಮೇಲೆ ನಾನು ಹಂಡೆಯಿಂದ ತೋಡಿ ಬಟ್ಟಲಿಗೆ ಹಾಕಿದೆ. ಮೀನಿನ ವಾಸನೆಗೆ ಮೂಗು ಮುಚ್ಚುವ ಬಸವರಾಜನೇ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ಅವಳ ಮುಂದಿಟ್ಟು, ಅಲ್ಲೇ ಕೂತ.

"ಉಣ್ಣವ್ವ," ಎಂದ. "ಹಬ್ಬ ಕಣವ್ವ ಇವತ್ತು."

ಅವಳು ಮೂಸಿದಳು. ಮುಖ ತಿರುಗಿಸಿದಳು. ಅವಳು ತಿರುಗಿದ್ದು ಗೋಡೆಯ ಕಡೆಗಲ್ಲ, ಕೆರೆಯ ಕಡೆಗೆ. ಒಂದು ಗಳಿಗೆ ಅತ್ತ ನೋಡಿದಳು. ಆಮೇಲೆ ಬಟ್ಟಲಿಗೆ ಮುಖ ಇಟ್ಟವಳು ತಳ ಕಾಣುವವರೆಗೆ ಎತ್ತಲಿಲ್ಲ. ಖಾಲಿ ಬಟ್ಟಲನ್ನು ಮೂತಿಯಿಂದ ತಳ್ಳುತ್ತಾ ಬಸವರಾಜನ ಕಾಲಿಗೆ ತಂದು ತಾಗಿಸಿದಳು. ಅವನು ಇನ್ನಷ್ಟು ಹಾಕಿಸಿಕೊಂಡು ಬಂದ, ಅದನ್ನೂ ತಿಂದಳು. ಬೆರಿಟಕ್ಕ ಏನೋ ಕೆಲಸವಿದೆಯೆಂಬಂತೆ ಒಳಗೆ ಹೋಗಿಬಿಟ್ಟರು.

ಸಂಜೆ ನಾವು ಊಟಕ್ಕೆ ಕೂತಿದ್ದಾಗ ಹಿತ್ತಲಿನಲ್ಲಿ ಹಾಡು ಎದ್ದಿತು. ಈ ಸಲ ಟೂವಾಳದೂ ಸೇರಿ ಹನ್ನೆರಡೂ ಗಂಟಲು. ಬಸವರಾಜ ವಿಭೂತಿಗೆ ಏಳಲಿಲ್ಲ, ಆಲೂಗಡ್ಡೆ ಸುಲಿಯುತ್ತಾ ಕೇಳಿಸಿಕೊಂಡ. ಓಲಾವಣ್ಣ ಅರ್ಧ ಊಟದಲ್ಲಿ ಎದ್ದು ಹೋಗಿ ಫೋನು ತಿರುಗಿಸಿದರು. ತಮ್ಮ ಭಾಷೆಯಲ್ಲಿ ಎರಡೇ ಮಾತಾಡಿ ಇಟ್ಟು ಬಂದು ಮತ್ತೆ ತಟ್ಟೆಯ ಮುಂದೆ ಕೂತರು. ಯಾರಿಗೆ ಎಂದು ನಾನು ಕಣ್ಣಲ್ಲೇ ಬೆರಿಟಕ್ಕನನ್ನು ಕೇಳಿದೆ.

ಪಶುವೈದ್ಯರಿಗೆ. ಈಸ್ಟರಿಗೆ ತಪ್ಪದೆ ಬನ್ನಿ, ಊಟಕ್ಕೆ ಬನ್ನಿ, ಸೂಜಿಯ ಚೀಲ ಮಾತ್ರ ಮನೆಯಲ್ಲೇ ಇಟ್ಟು ಬನ್ನಿ ಎಂದರಂತೆ. ಅಷ್ಟನ್ನು ಇಂಗ್ಲಿಷಿನಲ್ಲಿ ನಮಗೆ ಹೇಳಿ ಮುಗಿಸಲು ಬೆರಿಟಕ್ಕ ಎರಡು ಸಲ ನಿಲ್ಲಿಸಿ ಕಣ್ಣೊರೆಸಿಕೊಳ್ಳಬೇಕಾಯಿತು.